ಕರಿ ಡಯಲ್ಲಿನ ಕೆಳಗೆ

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಎದುರಿಗಿರುವ ಆ ಗಡಿಯಾರದ ಅಂಗಡಿ ಎಷ್ಟು ಚಿಕ್ಕದೆಂದರೆ, ಒಳಗೆ ಕುಳಿತ ಪ್ರಜ್ಞಾ ಕೈ ಚಾಚಿದರೆ ಎರಡೂ ಗೋಡೆಗಳು ಸಿಗುತ್ತಿದ್ದವು. ಮಟಮಟ ಮಧ್ಯಾಹ್ನ. ಕರೆಂಟು ಹೋಗಿತ್ತು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ದೆವ್ವಗಳಿಗೆ ಕತ್ತಲೇ ಆಗಬೇಕೆಂದೇನಿಲ್ಲ, ಜನರಿಲ್ಲದ ಬಿಸಿಲಾದರೂ ನಡೆಯುತ್ತದೆ ಎಂದು ಆಯಿ ಹೇಳುತ್ತಿದ್ದುದು ಇಂಥ ಹೊತ್ತಿನಲ್ಲೇ ಅವಳಿಗೆ ನೆನಪಾಗುವುದು.

ಅಂಗಡಿ ಅಪ್ಪ ಶಂಕರೆಪ್ಪನದು. ಆತ ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳಿಗೆ ಎಲ್ಲ ಕೆಲಸ ಕಲಿಸಿದ ಅಪ್ಪ, ಒಂದು ಮಾತನ್ನು ಮಾತ್ರ ಎಂದೂ ಹೇಳುತ್ತಿರಲಿಲ್ಲ. ಹಳೆಯ ವಾಚು ತಂದು ಅಸಲಿಯೋ ನಕಲಿಯೋ ಎಂದು ಯಾರಾದರೂ ಕೇಳಿದರೆ, “ನಡೀತೈತಿ, ಇಲ್ಲಾ ನಿಂತೈತಿ. ನನಗ ಗೊತ್ತಿರೂದು ಅಷ್ಟ” ಎಂದು ತಲೆ ತಗ್ಗಿಸಿಬಿಡುತ್ತಿದ್ದ. ಪ್ರಜ್ಞಾಳಿಗೆ ಅದು ನಗೆ ತರುತ್ತಿತ್ತು. ಈಗ ಕಾಲ ಬದಲಾಗಿ, ಫೋನಿನಲ್ಲಿ ನೋಡಿಕೊಂಡು ಹಳೆ ವಾಚುಗಳ ಹಿಂದೆ ಬಿದ್ದವರು ಇಂಡಿಯಿಂದ, ಸಿಂದಗಿಯಿಂದ ಅವಳ ಹತ್ತಿರ ಬರುತ್ತಿದ್ದರು. ಚೀಟಿಯ ಮೇಲೆ ಒಂದೇ ಪದ ಬರೆದು ಅಂಗಡಿಯ ಶಿಕ್ಕಾ ಒತ್ತಿಕೊಟ್ಟರೆ ಮುಗಿಯಿತು, ಅವಳ ಮಾತೇ ಕೊನೆ. ಆ ಬಗ್ಗೆ ಅವಳಿಗೊಂದು ಸಣ್ಣ ಹೆಮ್ಮೆಯೂ ಇತ್ತು.

“ಒಂದ ಮಾತು ಕೇಳೂದೈತಿ ಅವ್ವಾ,” ಎನ್ನುತ್ತ ಬಿಳಿ ಟೊಪ್ಪಿಗೆಯ ಒಬ್ಬರು ಕಟ್ಟೆ ಹತ್ತಿದರು. ಕರವಸ್ತ್ರ ಬಿಚ್ಚಿ ಕರಿ ಡಯಲ್ಲಿನ ಹಳೆಯ ಕೈಗಡಿಯಾರವೊಂದನ್ನು ಮೇಜಿನ ಮೇಲಿಟ್ಟರು. “ಇದು ಅಸಲಿನೋ ನಕಲಿನೋ? ಬರದು ಶಿಕ್ಕಾ ಹೊಡದು ಕೊಡು. ನಾ ಅಗರಖೇಡದ ರಾವಸಾಬ.”

“ವಾಚು ಯಾರದ್ರಿ ಕಾಕಾ?”

“ಮಗನ ಲಗ್ನದಾಗ ಬೀಗರು ಕೊಟ್ಟಿದ್ದು, ಮುದ್ದೇಬಿಹಾಳದವರು. ಸ್ವಿಸ್ ವಾಚು, ಅಸಲಿ ಮಾಲು ಅಂತ ಹಂದರದಾಗ ಮೈಕ್ ಹಿಡದು ಹೇಳಿದ್ರು. ಈಗ ನಮ್ಮ ಓಣಿ ಹುಡುಗೂರು ಫೋನಿನ್ಯಾಗ ನೋಡಿ ಡಯಲ್ ಡೂಪ್ಲಿಕೇಟ್ ಅಂತಾರ. ಊರಿಗೂರ ನಗಾಕತ್ತೈತಿ.”

“ನಕಲಿ ಇದ್ರ ಏನ್ ಮಾಡ್ತೀರಿ?”

ರಾವಸಾಬ ಬಾಗಿಲ ಕಡೆ ಗದ್ದ ತೋರಿಸಿದರು. ಅಲ್ಲಿ ಬಟ್ಟೆಯ ಚೀಲ ಹಿಡಿದು, ಭುಜದವರೆಗಿನ ಗುಂಗುರು ಕೂದಲಿನ ಸೊಸೆ ನಿಂತಿದ್ದಳು. “ಈಕಿನ್ನ ತವರಿಗೆ ಬಿಟ್ಟು, ಚೀಟಿ ಅವರಪ್ಪನ ಕೈಯಾಗಿಟ್ಟು ಬರ್ತೇನಿ. ಒಂದೂವರಿ ಬಸ್ಸಿಗೆ.”

“ಅಕ್ಕಾರ, ನಾ ಕೋಮಲ,” ಎಂದಳು ಅವಳು ಅಲ್ಲಿಂದಲೇ. “ನಮ್ಮಪ್ಪ ಪಂಪ್ ರಿಪೇರಿ ಮಾಡಾಂವ. ವಾಚಿಂದು ಆತಗೇನ್ ತಿಳೀತೈತಿ? ಸಿಂದಗ್ಯಾಗ ಹಳೇ ವಾಚ್ ಮಾರೂ ಖಾಜಾಸಾಬನ ಹತ್ರ ನಂಬಿ ತಂದಾನ. ಡಯಲ್ ಡೂಪ್ಲಿಕೇಟ್ ಇದ್ರ ನಾ ಹ್ಯಾಂಗ ಡೂಪ್ಲಿಕೇಟ್ ಆಗ್ತೇನಂತ ಕೇಳ್ರಿ ಇವರನ್ನ.”

“ನೋಡು, ಬಾಯಿ ನೋಡು ಈಕಿದು!”

“ಬಾಯಿ ಅಸಲಿ ಐತ್ರಿ ಮಾವಾರ. ಅದಕ್ಕೂ ಚೀಟಿ ಬರಿಸ್ರಿ.”

ಪ್ರಜ್ಞಾಳಿಗೆ ನಗು ಬಂತು. ಆದರೆ ಹುಡುಗಿಯ ಕೈ ಚೀಲದ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದು ಕಂಡು ನಗು ಅಲ್ಲೇ ನಿಂತಿತು.

ಅವಳು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ವಾಚಿನ ಹಿಂದಿನ ಮುಚ್ಚಳ ತಿರುಗಿಸಿದಳು. ಮುಚ್ಚಳ ಬಿಟ್ಟುಕೊಂಡೊಡನೆ ಒಂದು ವಾಸನೆ ಎದ್ದಿತು. ಎಣ್ಣೆಯದಲ್ಲ, ತುಕ್ಕಿನದೂ ಅಲ್ಲ. ನೆರೆ ಇಳಿದ ಮೇಲೆ ಹೊಳೆದಂಡೆಯ ರಾಡಿಯಿಂದ ಏಳುತ್ತದಲ್ಲ, ಆ ವಾಸನೆ. ಒಳಗೆ ನೋಡಿದರೆ ಎಲ್ಲ ಒಣಗಿ ಸ್ವಚ್ಛವಾಗಿತ್ತು. ಓಡಾಡಬೇಕಾದ ಸಣ್ಣ ಚಕ್ರಕ್ಕೆ ಮಾತ್ರ ಒಂದು ಕೂದಲು ಸುತ್ತಿಕೊಂಡಿತ್ತು.

ವಾಚಿನೊಳಗೆ ಕೂದಲು ಸಿಗುವುದು ಹೊಸತೇನಲ್ಲ. ಚಿಮಟದಿಂದ ತುದಿ ಹಿಡಿದು ಎಳೆದಳು. ಬಂತು. ಗೇಣುದ್ದ ಬಂತು, ಮೊಳದುದ್ದ ಬಂತು, ಇನ್ನೂ ಬರುತ್ತಲೇ ಇತ್ತು. ಕಪ್ಪು, ನೇರ, ಹೆಂಗಸಿನ ಕೂದಲು. ಅವಳು ಉಸಿರು ಹಿಡಿದು ಅದನ್ನು ಚೀಟಿಯ ಪ್ಯಾಡಿನ ಮೇಲೆ ಸುರುಳಿ ಸುರುಳಿಯಾಗಿ ಇಳಿಸುತ್ತ ಹೋದಳು. ಕೊನೆಯ ಎಳೆ ಬಿಟ್ಟುಬಂದದ್ದೇ ತಡ, ಯಾರೂ ಕೀಲಿ ಕೊಡದ ವಾಚು ಟಿಕ್ ಟಿಕ್ ಎಂದು ನಡೆಯತೊಡಗಿತು. ಗೋಡೆಯ ಮೇಲಿನ ಹನ್ನೊಂದು ಗಡಿಯಾರಗಳ ಸದ್ದು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ, ಅವಳ ಕಿವಿಗೆ ಇದೊಂದೇ ಬಿತ್ತು.

“ಯಾರದ್ರಿ ಇದು?” ಎಂದಳು ಕೋಮಲ, ಸಣ್ಣ ದನಿಯಲ್ಲಿ.

ರಾವಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು.

ಪ್ರಜ್ಞಾ ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದಳು. ವಾಚು ಬಿಚ್ಚಿದವರು ಅಲ್ಲಿ ಮೊಳೆಯಿಂದ ಗುರುತು ಗೀರಿಡುವುದು ಈ ಕಸುಬಿನ ವಾಡಿಕೆ. ಎರಡು ಗೀರುಗಳಿದ್ದವು, ಎರಡೂ ಅಪ್ಪನ ಕೈಬರಹ. ತಂದವರ ಊರು, ವರ್ಷ: “ಅಗ ೯೮”, ಅದರ ಕೆಳಗೆ “ಸಿಂ ೯೯”. ಎರಡನೆಯದರ ಮುಂದೆ ಒಂದು ಕತ್ತರಿ ಗುರುತು. ಕತ್ತರಿ ಎಂದರೆ ನಕಲಿ.

“ಕಾಕಾ, ಇದು ಮೊದಲೂ ಇಲ್ಲಿಗೆ ಬಂದಿತ್ತು. ತೊಂಬತ್ತೆಂಟರಾಗ ನಿಮ್ಮ ಅಗರಖೇಡದವರ ಯಾರೋ ತಂದಾರ. ಮರುವರ್ಷ ಸಿಂದಗಿಯವರು.”

“ಡಯಲ್ಲು…” ರಾವಸಾಬ ಮೇಜಿನ ಮೇಲೆ ಬಾಗಿದರು. “ಡಯಲ್ಲು ಮೊದಲ ಬೆಳ್ಳಗಿತ್ತೇನು?”

ಅವಳು ಡಯಲ್ಲಿನ ಅಂಚನ್ನು ನೋಡಿದಳು. ಕರಿಯ ಬಣ್ಣ ಎದ್ದಲ್ಲಿ ಬಿಳಿ ಇತ್ತು. ಬಿಳಿ ಎದ್ದಲ್ಲಿ, ಎಲ್ಲಕ್ಕಿಂತ ಕೆಳಗೆ, ಮಾಸಿದ ಹಳದಿ. “ಹೌದ್ರಿ. ಹಳದಿದು ಕಂಪನಿಯವರದು. ಮ್ಯಾಲಿನವೆರಡೂ ಆಮ್ಯಾಲ ಬಳದಿದ್ದು.”

“ಬೆಳ್ಳಗ ಮಾಡಿಸಿದಾಂವ ನಾನ.”

ಅವರು ಸ್ಟೂಲಿನ ಮೇಲೆ ಕುಸಿದು ಕುಳಿತರು. ಮಾತು ತುಂಡು ತುಂಡಾಗಿ ಬಂತು. “ನಮ್ಮಪ್ಪನ ವಾಚು. ತಂಗೀನ ಸಿಂದಗಿಗೆ ಕೊಟ್ವಿ. ಅಳಿಯಗ ಮಾಸಿದ್ದು ಕೊಡಬಾರದು, ಲಗ್ನದ ಸಾಮಾನು ಲಕಲಕ ಅನ್ನಬೇಕು ನೋಡು. ಅದಕ್ಕ ಇಲ್ಲಿ ತಂದು, ಶಂಕರೆಪ್ಪಣ್ಣ, ಹೊಸಾದರಂಗ ಮಾಡು ಅಂದೆ. ಮಾಡಿಕೊಟ್ಟ. ವರ್ಷ ತುಂಬೂದ್ರಾಗ ಅವರು ಡಯಲ್ ನಕಲಿ ಅಂತ ಚೀಟಿ ತಂದ್ರು. ತಂಗೀನ ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ಇಳಿಸಿ ಹ್ವಾದ್ರು. ನಮ್ಮಪ್ಪ ಆಕೀಗೇ ಬೈದ, ನಿನ್ನ ಕಾಲ್ಗುಣ ಅಂತ. ಬಣ್ಣ ಹಚ್ಚಿಸಿದಾಂವ ನಾ ಅಂತ ನಾ ಬಾಯಿ ಬಿಡಲಿಲ್ಲ. ಅಂಜಿದೆ.” ಅವರು ಪ್ಯಾಡಿನ ಕಡೆ ನೋಡದೆ ಕೈ ಮಾಡಿದರು. “ಮೊಣಕಾಲಮಟ ಕೂದಲು ಆಕಿದು. ಭೀಮಾ ಹೊಳಿಗೆ ಅರಿವಿ ಒಗ್ಯಾಕ ಹ್ವಾದಾಕಿ ತಿರುಗಿ ಬರಲಿಲ್ಲ.”

ಪ್ರಜ್ಞಾ ಮುಚ್ಚಳದ ಗೀರುಗಳನ್ನು ಮತ್ತೊಮ್ಮೆ ನೋಡಿದಳು. ತೊಂಬತ್ತೊಂಬತ್ತರಲ್ಲಿ ಈ ಮುಚ್ಚಳ ತೆಗೆದಾಗ ಅಪ್ಪ ತನ್ನದೇ ಹಿಂದಿನ ವರ್ಷದ ಗುರುತನ್ನು ನೋಡಿರಲೇಬೇಕು. ಡಯಲ್ಲಿಗೆ ಬಣ್ಣ ಹಚ್ಚಿದ ಕೈ ಯಾರದೆಂದು ಗೊತ್ತಿತ್ತು. ಆದರೂ ಬಂದವರು ಕೇಳಿದ್ದು ಒಂದೇ ಪ್ರಶ್ನೆ, ಆತ ಬರೆದದ್ದು ಒಂದೇ ಪದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಪದ ಯಾರದೋ ಜೇಬಿನಲ್ಲಿ ಕುಳಿತು ಸಿಂದಗಿ ಬಸ್ಸು ಹತ್ತಿತ್ತು. ಅವಳಿಗೆ ತಿಳಿದಂತೆ, ಆಮೇಲೆ ಆತ ಆ ಪದವನ್ನು ಮತ್ತೆಂದೂ ಆಡಿರಲಿಲ್ಲ.

ತಾನು ಇಷ್ಟು ದಿನ ಎಷ್ಟು ಚೀಟಿ ಕೊಟ್ಟೆ, ಅವು ಯಾರ ಮನೆಗೆ ಹೋದವು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

“ಮಷಿನ್ ಅಸಲಿ ಐತ್ರಿ,” ಎಂದಳು. “ಮೊದಲಿನ ಡಯಲ್ಲೂ ಒಳಗ ಹಂಗ ಐತಿ. ಅದರ ಮ್ಯಾಲ ನಮ್ಮಪ್ಪ ಬಳದಾನ, ನೀವು ಬಳಿಸೀರಿ, ಆಮ್ಯಾಲ ಇನ್ನ್ಯಾರೋ ಕರೇದು ಬಳದಾರ. ಆ ಕರೇ ಬಣ್ಣನೂ ಭಾಳ ವರ್ಷದ್ದು, ಕೋಮಲನ ತವರಿನವರು ಬಳದಿದ್ದಲ್ಲ. ಬರಿಯೂದಾದ್ರ ಇದನ್ನಿಷ್ಟೂ ಬರೀತೇನಿ. ಬರೀಲೇನು?”

“ಬ್ಯಾಡವ್ವಾ,” ಎಂದರು ರಾವಸಾಬ. “ಅಷ್ಟು ಬರದ್ರ ಚೀಟಿ ಸಾಲೂದಿಲ್ಲ.”

ಅವಳು ಪ್ಯಾಡನ್ನು ಸರಿಸಲು ಹೋದಳು. ಅದರ ಮೇಲೆ ಕೂದಲು ಇರಲಿಲ್ಲ. ಹಾಳೆಯ ಮೇಲೆ ಸುರುಳಿಯಾಗಿ ಒಂದು ನೀರಿನ ಗೆರೆಯಿತ್ತು. ಕೆಳಗಿನ ಹಾಳೆಗಳೆಲ್ಲ ತೊಯ್ದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂವರೂ ನೋಡಿದರು.

ಹೊರಗೆ ಹಾರ್ನ್ ಕೇಳಿಸಿತು. ರಾವಸಾಬ ಎದ್ದರು. “ನಡಿಯವ್ವಾ ಕೋಮಲ. ತಿರುಗಿ ಅಗರಖೇಡಕ್ಕ ಹೋಗೂಣು.”

ಕೋಮಲ ಅಲುಗಲಿಲ್ಲ. “ಇಲ್ರಿ ಮಾವಾರ. ಮುದ್ದೇಬಿಹಾಳಕ್ಕಂತ ಹೊರಡಿಸೀರಿ, ಅಲ್ಲಿಗೇ ಹೋಗೂಣು. ಈಗ ಹೇಳಿದ್ದನ್ನ ನಮ್ಮಪ್ಪನ ಮುಂದ ಹೇಳ್ರಿ. ಆಮ್ಯಾಲ ತಿರುಗಿ ಬರೂದೋ ಬಿಡೂದೋ, ನಾ ನೋಡ್ತೇನಿ.”

ಅವಳೇ ಮುಂದಾಗಿ ರಸ್ತೆ ದಾಟಿದಳು. ಅವರು ಹಿಂದೆ ಹೋದರು. ವಾಚು ಮೇಜಿನ ಮೇಲೇ ಉಳಿದದ್ದನ್ನು ಕಂಡು ಪ್ರಜ್ಞಾ ಮುಚ್ಚಳ ಬಿಗಿದು, ಹಿಡಿದುಕೊಂಡು ಓಡಿದಳು. ಬಸ್ಸಿನ ಕಿಟಕಿಯೊಳಗೆ ಚಾಚಿದಾಗ ಕೋಮಲ ಅದನ್ನು ತೆಗೆದುಕೊಂಡಳು. ರಾವಸಾಬ ಇನ್ನೂ ಮೆಟ್ಟಿಲ ಮೇಲೇ ಇದ್ದರು.

“ಮಾವಾರ, ಆರು ತಿಂಗಳಾತು ನಿಮ್ಮ ಮನ್ಯಾಗ ಅದೇನಿ,” ಎಂದಳು ಕೋಮಲ. “ಇಂಥಾಕಿ ಒಬ್ಬಾಕಿ ಇದ್ಲಂತ ಸೈತ ಯಾರೂ ಹೇಳಿಲ್ಲ. ಏನ್ರಿ ಆಕಿ ಹೆಸರು?”

ಅವರ ತುಟಿಗಳು ಅಲುಗಿದವು. ಎಂಜಿನ್ನಿನ ಸದ್ದು ಹೆಸರನ್ನು ನುಂಗಿತು.

“ಕೇಳಸಲಿಲ್ರಿ.”

“ಹುಲಿಗೆವ್ವ!” ಎಂದು ಕೂಗಿದರು ರಾವಸಾಬ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಹುಲಿಗೆವ್ವ ಅಂತ. ನನ್ನ ತಂಗಿ.”

ಕೋಮಲ ಪಕ್ಕದ ಸೀಟಿನ ಮೇಲಿದ್ದ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಅವರಿಗೆ ಜಾಗ ಬಿಟ್ಟಳು.