ಸಾಬವ್ವನ ಪಾವಟಿಗೆ

ಅಫಜಲಪುರದ ಸೀಮೆಯ ನಮ್ಮೂರಿನಲ್ಲಿ ಮನೆಗಳೆಲ್ಲ ಕೆರೆಯ ದಂಡೆಗೆ ಹತ್ತಿಕೊಂಡೇ ಇವೆ. ದೊಡ್ಡ ಲಡಾಯಿ ಶುರುವಾದ ವರ್ಷ ಸೈದಪ್ಪನ ಹೆಂಡತಿ ಸಾಬವ್ವ ತುಂಬಿದ ಕೊಡ ಹೊತ್ತು ಕೆಸರಿನಲ್ಲಿ ಜಾರಿ ಬಿದ್ದು ತೀರಿಕೊಂಡಳು. ಇನ್ನೊಬ್ಬ ಹೆಣ್ಣುಮಗಳಿಗೆ ಹೀಗಾಗಬಾರದೆಂದು ಸೈದಪ್ಪ ಅವಳ ಹೆಸರಿನಲ್ಲಿ ಕೆರೆಯ ನೀರಿನ ತನಕ ಇಳಿಯಲು ಕಲ್ಲಿನ ಮೆಟ್ಟಿಲು, ಪಾವಟಿಗೆ, ಕಟ್ಟಿಸಿದ. ಪುಣ್ಯವಂತ ಎಂದು ಊರೆಲ್ಲ ಹೊಗಳಿತು. ಪಕ್ಕದ ಮನೆಯ ಅಂಬುಬಾಯಿಯಾದ ನಾನೂ ಬಾಯಿತುಂಬ ಹೊಗಳಿದೆ. ನಮಗೇನು ಗೊತ್ತಿತ್ತು!

ಮೊದಲು ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಇದ್ದ ನಾರುಹುಣ್ಣು ಪಾವಟಿಗೆ ಆದ ಮೇಲೆ ಮನೆಮನೆ ಹೊಕ್ಕಿತು. ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ದಾರದಂಥ ಹುಳ ಹೊರಗೆ ಬರುತ್ತದೆ. ಬೆಂಕಿಯಂಥ ಉರಿ! ಅದನ್ನು ತಾಳಲಾರದೆ ಜನ ಪಾವಟಿಗೆಯ ಮೇಲೆ ಕೂತು ಕಾಲನ್ನು ನೀರಿಗೆ ಬಿಡುತ್ತಿದ್ದರು. ಸೈದಪ್ಪನೂ ಒಂದು ಬೇಸಿಗೆಯೆಲ್ಲ ಹಾಗೇ ಕೂತಿದ್ದ.

ಮರುವರ್ಷ ಚೊಚ್ಚಲ ಹೆರಿಗೆಗೆ ಬಂದ ಅವನ ಮಗಳು ಅಮೃತಳ ಮೊಣಕಾಲಿನಲ್ಲೂ ಹುಳ ಎದ್ದಿತು. ಸೈದಪ್ಪ ಗಡಿಬಿಡಿಯಲ್ಲಿ ಜಗ್ಗಿದ. ಹುಳ ಒಳಗೇ ತುಂಡಾಯಿತು, ಕಾಲು ಬಾತು ಕೀವು ತುಂಬಿತು. ಆಗ ದವಾಖಾನೆಯ ಕಂಪೌಂಡರ ಇಮಾಮಸಾಬರನ್ನು ಕರೆಸಿದೆವು.

“ಜಗ್ಗಬಾರದಿತ್ತು ಕಾಕಾ. ದಿನಾ ಒಂದೀಟು ಕಡ್ಡಿಗಿ ಸುತ್ತಬೇಕು,” ಎಂದರು ಇಮಾಮಸಾಬ.

“ಯಾರದೋ ಕಣ್ಣು ಹತ್ಯದರಿ ಸಾಬ,” ಎಂದ ಸೈದಪ್ಪ.

“ಕಣ್ಣಲ್ಲ, ನೀರು. ಹುಣ್ಣಿನ ಕಾಲು ನೀರಿಗಿ ಬಿಟ್ರ ಹುಳ ಅಲ್ಲೇ ಮರಿ ಹಾಕ್ತದ. ಕಣ್ಣಿಗಿ ಕಾಣಂಗಿಲ್ಲ. ಆ ನೀರು ಕುಡದವ್ರಿಗಿ ವರ್ಷ ತುಂಬಿದ ಮ್ಯಾಲ ಹುಳ ಹೊರಗ ಬರ್ತದ. ನಿಮ್ಮ ಪಾವಟಿಗಿ ಮ್ಯಾಲ ಇದೇ ನಡದದ.”

ಸೈದಪ್ಪ ಕೆಂಡವಾದ. “ನನ್ನ ಹೇಣ್ತಿ ಹೆಸರಿನ ಪಾವಟಿಗಿಗಿ ಹಿಂಗ ಅಂತೀರೇನು? ಮತ್ತ ಹೆಣ್ಣಮಕ್ಕಳು ಕೆಸರಾಗ ಬಿದ್ದು ಸಾಯಬೇಕೇನು?”

“ಬ್ಯಾಡ ಕಾಕಾ. ದಂಡಿ ಮ್ಯಾಲ ಬಾಂವಿ ತೋಡ್ರಿ. ಸುತ್ತ ಎದಿಮಟ ಗ್ವಾಡಿ ಕಟ್ಟಿ ಗಾಲಿ ಹಾಕ್ರಿ. ನೀರು ಮ್ಯಾಲ ಬರಲಿ, ಕಾಲು ಕೆಳಗ ಇಳಿಯೂದು ಬ್ಯಾಡ. ಅಲ್ಲೀತನಕ ಒತ್ತಾದ ಅರಿವಿ ಎರಡು ಮಡಿಕಿ ಮಾಡಿ ಸೋಸಿ ಕುಡೀರಿ.”

“ಸುಳ್ಳು!” ಎಂದು ಸೈದಪ್ಪ ಎದ್ದು ನಿಂತ.

ಹೊರಸಿನ ಮೇಲೆ ಮಲಗಿದ್ದ ಅಮೃತ ಮೆಲ್ಲಗೆ ಅಂದಳು: “ಅಪ್ಪಾ, ಹ್ವಾದ ಬ್ಯಾಸಗಿ ನಾ ತವರಿಗಿ ಬಂದಾಗ ನೀ ಕಾಲು ಬಿಟ್ಟು ಕುಂತಿದ್ದಿ. ಬಾಜೂಕ ನಿಂತು ನಾ ಕೊಡ ತುಂಬತಿದ್ದೆ.”

ಸೈದಪ್ಪ ಹೊರಸಿನ ಪಕ್ಕ ಕೂತು ಅತ್ತುಬಿಟ್ಟ. ಗಂಡಸು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮರುದಿನ ಹಾರೆ ಹಿಡಿದು ಕೆರೆಗೆ ಹೋದ. “ಸಿಟ್ಟಾಗಬ್ಯಾಡ ಸಾಬವ್ವಾ,” ಎನ್ನುತ್ತ ಒಂದೊಂದೇ ಕಲ್ಲು ಕಿತ್ತ. ಅವೇ ಕಲ್ಲಿನಿಂದ ಬಾವಿಯ ಗೋಡೆ ಎದ್ದಿತು, ಊರೇ ಕೈಜೋಡಿಸಿತು. ಎರಡು ವರ್ಷದಲ್ಲಿ ನಾರುಹುಣ್ಣು ಇಳಿಯಿತು. ಅಮೃತಳ ಮೊಣಕಾಲು ಮಾತ್ರ ಮತ್ತೆ ಮಡಚಲು ಬರಲಿಲ್ಲ. ಈಗ ಓಡಾಡುವ ಕೂಸಿನ ಹಿಂದೆ ಅವಳು ಗೋಡೆ ಹಿಡಿದು ಕಾಲೆಳೆಯುತ್ತಾಳೆ.

ಕೆರೆ ದಂಡೆಯ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ದಂಡೆಯ ಮೇಲೆ ಮನೆ ಕಟ್ಟಿ ಬಾಳಿರಿ, ಬೇಡವೆನ್ನುವುದಿಲ್ಲ. ಆದರೆ ಕುಡಿಯುವ ನೀರಿಗೆ ಇಳಿಯಬೇಡಿ. ಹುಣ್ಣು ಎಷ್ಟೇ ಉರಿದರೂ ಮನೆಯಲ್ಲೇ ತಣ್ಣೀರು ಹಾಕಿಕೊಳ್ಳಿ, ಆ ನೀರು ಕೆರೆಗೆ ಹರಿಯದಂತೆ ದೂರ ಚೆಲ್ಲಿ. ಇವತ್ತು ನಿಮ್ಮ ಕಾಲಿಗೆ ಸಿಕ್ಕ ತಂಪಿಗೆ ಬರುವ ವರ್ಷ ನಿಮ್ಮ ಮಗಳು ಕುಂಟುವುದು ಬೇಡ.