ವಿಜೇತಾ ಬರೆದ ಮೂರು ವಾಕ್ಯಗಳು

ಮಾಟುಂಗದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕಾಂತಪ್ಪ ಇಪ್ಪತ್ತೊಂಬತ್ತು ವರ್ಷ ಭಟ್ಟಿಯ ಮುಂದೆ ನಿಂತರು. ಅಲ್ಲಿಯ ಒಂದೇ ಒಂದು ಕಿಟಕಿಗೆ ಧಣಿ ತಗಡು ಹೊಡೆಸಿದ್ದರು. ಕಾಂತಪ್ಪನವರ ಶ್ವಾಸಕೋಶ ಕೈಕೊಟ್ಟಾಗ ಆರೋಗ್ಯ ಶಿಬಿರದ ಕಾರ್ಡಿನಲ್ಲಿ ‘ವಂಶಪಾರಂಪರ್ಯ, ಕೆಲಸಕ್ಕೆ ಸಂಬಂಧವಿಲ್ಲ’ ಎಂದು ಬರೆದು ಅವರನ್ನು ಮನೆಗೆ ಕಳುಹಿಸಿದರು.

ಕಥೆಯನ್ನು ಹೀಗೆ ಆರಂಭಿಸಬಹುದೇ? ಇದರ ಹಿಂದಿನ ಕರಡಿನಲ್ಲಿ ಮೊದಲ ಸಾಲು ‘ಹೊಗೆ ಕಾಂತಪ್ಪನನ್ನು ಕೊಂದಿತು’ ಎಂದಿತ್ತು. (ನಮ್ಮ ಓದುಬಳಗದಲ್ಲಿ ಅದನ್ನು ಓದಿದಾಗ ಹನ್ನೊಂದು ಜನವೂ ಒಟ್ಟಿಗೆ ತಲೆದೂಗಿದರು. ಚಹಾಕ್ಕೆ ಸಕ್ಕರೆ ಎಷ್ಟು ಎಂಬುದರಲ್ಲೂ ಒಮ್ಮತವಿಲ್ಲದ ಜನ. ಆಗಲೇ ನನಗೆ ಅನುಮಾನ ಬರಬೇಕಿತ್ತು.) ಆ ಕರಡನ್ನು ನನ್ನಿಂದ ಹರಿದು ಹಾಕಿಸಿದವಳು ಕಾಂತಪ್ಪನವರ ಮಗಳು ವಿಜೇತಾ.

“ಪಪ್ಪ ಸತ್ತಿಲ್ಲ,” ಎಂದಳು. “ಆಂಟಾಪ್ ಹಿಲ್‌ನಲ್ಲಿ ಕೂತು ಟಿವಿ ನೋಡ್ತಾ ಇದ್ದಾರೆ. ಫಸ್ಟ್ ಲೈನಿನಲ್ಲೇ ಯಾಕೆ ಸಾಯಿಸಿದ್ದು ನೀವು?”

“ಓದುಗರಿಗೆ ತಟ್ಟಲಿ ಅಂತ.”

“ಅದು ನಿಮ್ಮ ಪ್ರಾಬ್ಲಂ. ಹೊಗೆಯಿಂದಲೇ ಆದದ್ದು ಅಂತ ಬರೀಲಿಕ್ಕೆ ನಿಮ್ಮ ಹತ್ರ ಪ್ರೂಫ್ ಉಂಟಾ?”

ಪಾತ್ರಗಳು ಪುರಾವೆ ಕೇಳುವ ಕಾಲ ಬಂತು ನೋಡಿ. ಇರಲಿ. ಇನ್ನು ಮುಂದೆ ಅವಳ ಬೆನ್ನ ಹಿಂದೆಯೇ ನಡೆಯುತ್ತೇನೆ.

೨.

ವಿಜೇತಾಳಿಗೆ ಮೂವತ್ತೊಂದು. ವಿಲೆ ಪಾರ್ಲೆಯ ಒಂದು ಲ್ಯಾಬಿನಲ್ಲಿ ಜೀನ್ ಪರೀಕ್ಷೆಯ ವರದಿಗಳ ಕೆಳಗೆ ರೋಗಿಗಳಿಗೆ ಅರ್ಥವಾಗುವಂಥ ನಾಲ್ಕು ಸಾಲು ಬರೆಯುವುದು ಅವಳ ಕೆಲಸ. ‘ಕಾಯಿಲೆ ಬರುತ್ತದೆ’ ಎಂದು ಬರೆಯುವುದಕ್ಕೂ ‘ಬರುವ ಸಾಧ್ಯತೆ ಹೆಚ್ಚು’ ಎಂದು ಬರೆಯುವುದಕ್ಕೂ ನಡುವೆ ಒಂದಿಡೀ ಮನೆಯ ನಿದ್ದೆಯಿದೆ ಎಂಬುದು ಅವಳಿಗೆ ಗೊತ್ತು. ಆದರೆ ಅದೆಲ್ಲ ಇಂಗ್ಲಿಷಿನಲ್ಲಿ. ಕನ್ನಡವನ್ನು ಅವಳು ಕಲಿತದ್ದು ಮಾಟುಂಗದ ಸಂಘದ ಭಾನುವಾರದ ತರಗತಿಯಲ್ಲಿ, ಅರ್ಧ ನಿದ್ದೆಯಲ್ಲಿ.

ಈಗ ಅದೇ ಸಂಘ ಹೋಟೆಲ್ ಕಾರ್ಮಿಕರಿಗಾಗಿ ಆರೋಗ್ಯದ ಕಿರುಪುಸ್ತಕ ತರುತ್ತಿದೆ. ಶ್ವಾಸಕೋಶದ ಪುಟ ವಿಜೇತಾಳದು. ಅದನ್ನು ಅವಳಿಗೆ ವಹಿಸಿದವರು ಕಾರ್ಯದರ್ಶಿ ಕೇಶವಮೂರ್ತಿ, ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. “ವಿಷಯ ನಿಂದು, ಕನ್ನಡ ನಂದು. ಇಬ್ರೂ ಸೇರಿದ್ರೆ ಆಗೋಗುತ್ತೆ ಕಣಮ್ಮಾ,” ಎಂದಿದ್ದರು. ಪುಸ್ತಕದ ಹಿಂಬದಿಯಲ್ಲಿ ಜಾಹೀರಾತು ಕಾಂತಪ್ಪ ದುಡಿದ ಅದೇ ಹೋಟೆಲಿನದು.

ಪುಸ್ತಕ ನಗರದ ಪ್ರತಿ ಕನ್ನಡ ಅಡುಗೆಮನೆಗೂ ಹೋಗುತ್ತದೆ. ಆ ಭಟ್ಟಿಯ ಮುಂದೆ ಈಗ ನಿಂತಿರುವವರು ವಿಜೇತಾಳ ಸೋದರಮಾವ ಸಂದೀಪ. ಅವರಿಗೂ ಕೆಮ್ಮು ಹಿಡಿದಿದೆ. ಕಿಟಕಿಯ ತಗಡು, ಮೇಲಿನ ಚಾಳಿನ ಬಾಡಿಗೆಮನೆಗಳವರು ಹೊಗೆ ಬರುತ್ತದೆಂದು ದೂರು ಕೊಟ್ಟಾಗ ಧಣಿ ಹೊಡೆಸಿದ್ದು. ಅದನ್ನು ತೆಗೆಸಿ, ಹೊಗೆ ಮೇಲಕ್ಕೆ ಹೋಗುವಂತೆ ಕೊಳವೆ ಹಾಕಿಸಿ ಎಂದು ಸಂದೀಪ ಕೇಳಿದ್ದಕ್ಕೆ ಧಣಿ ಕಾಂತಪ್ಪನವರ ಕಾರ್ಡಿನ ಮಾತನ್ನೇ ಹಿಡಿದರು: “ರಕ್ತದಲ್ಲೇ ಇದ್ದದ್ದಕ್ಕೆ ಗೋಡೆ ಒಡೆಸಿ ಏನು ಪ್ರಯೋಜನ?” ಪುಸ್ತಕವೂ ಅದನ್ನೇ ಹೇಳಿದರೆ ತಗಡು ಅಲ್ಲೇ ಉಳಿಯುತ್ತದೆ, ಸಂದೀಪರೂ ಅಲ್ಲೇ ನಿಂತಿರುತ್ತಾರೆ.

೩. (ಕೈಬಿಟ್ಟ ಕರಡು)

ಶಿಬಿರದ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ಕುಟುಂಬದಲ್ಲಿ ಇನ್ನಾರಿಗಾದರೂ ಈ ತೊಂದರೆ ಇದೆಯೇ? ಕಾಂತಪ್ಪ ಪ್ರಾಮಾಣಿಕವಾಗಿ ಇಬ್ಬರನ್ನು ಬರೆಸಿದರು. ಒಬ್ಬರು ತಮ್ಮ ತೀರಿಹೋದ ಸೋದರಮಾವ. ಇನ್ನೊಬ್ಬರು ಸಂದೀಪ, ಹೆಂಡತಿಯ ತಮ್ಮ. ಬರೆಸದೇ ಉಳಿದದ್ದು ಒಂದೇ: ಮೂವರೂ ನಿಂತದ್ದು ಒಂದೇ ಭಟ್ಟಿಯ ಮುಂದೆ. ಹೋಟೆಲಿಗೆ ಜನ ಬರುವುದೇ ಹಾಗೆ. ಮಾವ ಅಳಿಯನನ್ನು ಕರೆಸುತ್ತಾನೆ, ಅಳಿಯ ಭಾವಮೈದನನ್ನು.

ನನಗೆ ಕಥೆ ಸಿಕ್ಕಿತು. ಹೆಂಡತಿಯ ತಮ್ಮನಿಗೂ ಗಂಡನಿಗೂ ಎಲ್ಲಿಯ ರಕ್ತಸಂಬಂಧ? ಕಾಂತಪ್ಪನವರ ಹೆಂಡತಿ ಶೀಲಾವತಿಯ ಬಾಯಿಗೆ ಒಂದು ಪುಟದ ಭಾಷಣ ಬರೆದುಕೊಟ್ಟೆ: “ಮದುವೆಯಲ್ಲಿ ಧಾರೆ ಎರೆದದ್ದು ನೀರು, ರಕ್ತವಲ್ಲ!” (ಉದ್ಗಾರ ಚಿಹ್ನೆ ನನ್ನದೇ.)

ಆಂಟಾಪ್ ಹಿಲ್‌ನ ಮನೆಯಲ್ಲಿ ಶೀಲಾವತಿ ಅದನ್ನು ಓದಿ ನಕ್ಕುಬಿಟ್ಟರು. “ಎಂಥ ಬರ್ದದ್ದು ಮಾರಾಯ್ರೆ ನೀವು? ಇವರ ಸೋದರಮಾವ ಅಂದ್ರೆ ನನ್ನ ಅಪ್ಪ. ಮಾವನ ಮಗಳನ್ನೇ ಕಟ್ಟಿಕೊಂಡದ್ದು ಇವರು.”

“ಬೇರೆ ಯಾರೂ... ಕೊಡ್ಲಿಕ್ಕೆ ತಯಾರಿರ್ಲಿಲ್ಲ,” ಎಂದರು ಕಾಂತಪ್ಪ, ನಡುವೆ ಒಮ್ಮೆ ಉಸಿರು ತೆಗೆದುಕೊಂಡು.

“ಸುಮ್ನೆ ಟಿವಿ ನೋಡಿ.”

ನಮ್ಮಲ್ಲಿ ಮದುವೆ ಹೇಗೆ ನಡೆಯುತ್ತದೆಂದು ನಾನೇ ಮರೆತಿದ್ದೆ. ಮೂವರದೂ ಒಂದೇ ಭಟ್ಟಿ, ಒಂದೇ ರಕ್ತ. ಭಾಷಣವನ್ನು ಹರಿದು ಹಾಕಿದೆ. ವಿಜೇತಾ ನಗಲಿಲ್ಲ.

“ಎರಡೂ ಒಟ್ಟಿಗೇ ಉಂಟು. ಈ ಮೂವರನ್ನು ಮಾತ್ರ ನೋಡಿದ್ರೆ ಬೇರೆ ಬೇರೆ ಮಾಡ್ಲಿಕ್ಕೆ ಆಗುದಿಲ್ಲ,” ಎಂದು, ಆಗಷ್ಟೇ ಕೆಲಸ ಮುಗಿಸಿ ಬಂದ ಸಂದೀಪರ ಕಡೆ ತಿರುಗಿದಳು. “ಮಾಮ, ಕಿಚನ್‌ನಲ್ಲಿ ಮತ್ತೆ ಯಾರಿಗೆ ಕೆಮ್ಮು? ನಮ್ಮ ನೆಂಟರಲ್ಲದವರು?”

“ಅಣವೀರಪ್ಪ ಇದ್ದಾನಲ್ಲ, ಪಾತ್ರೆ ತೊಳೆಯುವವ. ಭಟ್ಟಿಯ ಬಗಲಿಗೇ ಅವನು ತೊಳೆಯುವ ಮೋರಿ.”

೪.

ಅಣವೀರಪ್ಪ ಗದಗದ ಕಡೆಯವರು. ಹೋಟೆಲಿನ ಹಿಂಬಾಗಿಲಲ್ಲಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿ ಅದೇ ಶಿಬಿರದ ತಮ್ಮ ಕಾರ್ಡನ್ನು ವಿಜೇತಾಳಿಗೆ ಕೊಟ್ಟರು. ‘ಕಾರಣ ತಿಳಿಯದು.’

“ನಮ್ಮ ಮನ್ಯಾಗ ಯಾರಿಗೂ ಇಲ್ರಿ. ಅಪ್ಪಗ ಎಂಬತ್ತಾತು, ಇನ್ನೂ ಗುಡ್ಡ ಹತ್ತತಾನ. ಬೀಡಿ ಸೇದ್ತೀಯೇನು ಅಂದ್ರು, ಇಲ್ಲ ಅಂದೆ. ನಂಬಲಿಲ್ಲ. ದಿನಾ ಎಲ್ಲಿ ನಿಲ್ತಿ ಅಂತ ಮಾತ್ರ ಯಾರೂ ಕೇಳಲಿಲ್ರಿ.”

ಫಾರಂನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

“ಸಿಕ್ಕಿತಲ್ಲ ಪುರಾವೆ,” ಎಂದೆ ನಾನು.

“ಒಬ್ಬರಿಂದ ಪ್ರೂಫ್ ಆಗುದಿಲ್ಲ. ಆದ್ರೆ ‘ಸಂಬಂಧವಿಲ್ಲ’ ಅಂತ ಬರೀಲಿಕ್ಕೂ ಆಗುದಿಲ್ಲ, ಅಲ್ವಾ?”

೫.

ಪುಸ್ತಕದ ತನ್ನ ಪುಟಕ್ಕೆ ಅವಳು ಪದ ಹುಡುಕಿದಳು. ‘ಅಪಾಯ’ ಎಂದರೆ ಟ್ರಾನ್ಸ್‌ಫಾರ್ಮರ್ ಮೇಲಿನ ತಲೆಬುರುಡೆ ನೆನಪಾಗುತ್ತದೆ. ‘ಗಂಡಾಂತರ’ ಎಂದರೆ ಜ್ಯೋತಿಷಿ. ‘ವಂಶಪಾರಂಪರ್ಯ’ ಎಂದರೆ ಯಾರೋ ಆಸ್ತಿ ಬಿಟ್ಟುಹೋದಂತೆ. ‘ರಕ್ತದಲ್ಲೇ ಇದೆ’ ಎಂದರೆ ಕೇಳಿದವನು ಕೈಕಟ್ಟಿ ಕೂರುತ್ತಾನೆ. (ನಾನು ‘ಕೊಲೆ’ ಎಂಬ ಪದವನ್ನು ಸೂಚಿಸಿದೆ. ತಿರುಗಿ ಕೂಡ ನೋಡಲಿಲ್ಲ.) ನಾಲ್ಕು ದಿನ ಲೋಕಲ್ ರೈಲಿನಲ್ಲಿ ಫೋನಿನ ಮೇಲೆ ಬರೆದು ಅಳಿಸಿ ಬರೆದದ್ದು ಇಷ್ಟು:

ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚಿರಬಹುದು. ಹೊಗೆ ಹೊರಹೋಗದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದರೆ ಆ ಸಾಧ್ಯತೆ ಯಾರಿಗೇ ಆದರೂ ಹೆಚ್ಚುತ್ತದೆ. ಹುಟ್ಟನ್ನು ಬದಲಿಸಲಾಗದು, ಹೊಗೆಗೆ ದಾರಿ ಮಾಡಿಕೊಡಬಹುದು.

ಸಪ್ಪೆ ಎನ್ನಿಸಿತೇ? ನನಗೂ ಅನ್ನಿಸಿತು.

೬.

ಸಂಘದ ಕಚೇರಿ. ಕಂಪ್ಯೂಟರಿನಲ್ಲಿ ಪುಟ ತೆರೆದಿದೆ. ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಕೇಶವಮೂರ್ತಿ ಕನ್ನಡಕ ಏರಿಸಿ ಓದಿದರು.

“ಮೊದಲನೇ ವಾಕ್ಯ ಬಹಳ ಸೊಗಸಾಗಿದೆ. ಅಷ್ಟೇ ಇರಲಿ. ಉಳಿದೆರಡು ತೆಗೆದುಬಿಡಮ್ಮಾ, ಜಾಗ ಇಲ್ಲ.”

“ಕೆಳಗೆ ಅರ್ಧ ಪುಟ ಖಾಲಿ ಉಂಟಲ್ಲ ಸರ್.”

ಅವರು ಖಾಲಿ ಜಾಗವನ್ನು ನೋಡಿದರು. ಕೆಟ್ಟವರಲ್ಲ; ಕಾಂತಪ್ಪನವರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಲು ಎರಡು ದಿನ ಓಡಾಡಿದವರು. (ಅವರನ್ನು ಖಳನನ್ನಾಗಿಸಿ ಬರೆದ ಕರಡು ನನ್ನ ಬಳಿ ಇದೆ. ಓದಲು ಮಜವಾಗಿದೆ, ಆದರೆ ಅದರಲ್ಲಿರುವ ಮನುಷ್ಯ ಬೇರೆ ಯಾರೋ.)

“ನೋಡಮ್ಮಾ, ಧಣಿಗಳ ಫೋನು ಬಂದಿತ್ತು. ನಾನೇನು ಸುಳ್ಳು ಬರಿ ಅಂತಿದೀನಾ? ಮೊದಲನೇ ವಾಕ್ಯ ಸುಳ್ಳಾ?”

“ಅಲ್ಲ.”

“ಮತ್ತೆ?”

ಇಲ್ಲಿ ಎರಡು ಮುಕ್ತಾಯಗಳಿವೆ, ಓದುಗರೇ, ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಅ) ವಿಜೇತಾ ಎರಡು ವಾಕ್ಯ ಅಳಿಸುತ್ತಾಳೆ. ಪುಸ್ತಕ ಬರುತ್ತದೆ. ಸಂದೀಪ ಅದನ್ನು ಓದಿ, ಮಡಚಿ, ಹಣೆಬರಹ ಎನ್ನುತ್ತಾ ಭಟ್ಟಿಯ ಕಡೆ ನಡೆಯುತ್ತಾರೆ.

ಆ) ಧಣಿ ಪುಟ ಓದಿ ಮನಕರಗಿ ತಗಡು ತೆಗೆಸುತ್ತಾರೆ. (ಇದನ್ನು ಬರೆಯುವಾಗ ನನಗೇ ನಗು ಬಂತು. ಬಿಡಿ.)

ಎರಡೂ ಬೇಡ ಎನ್ನುವವರು ನನ್ನಂಥವರು. ಅದಕ್ಕೇ ನಾನು ಅವಳ ಇನ್ನೊಂದು ಕಿವಿಯಲ್ಲಿ ಹೇಳಿದೆ: “ಮೊದಲನೆಯದನ್ನೇ ತೆಗೆದುಬಿಡು. ಎಲ್ಲರೂ ಹಿಡಿದುಕೊಳ್ಳುವುದು ಅದನ್ನೇ. ಧಣಿಗೆ ನೀನಾಗಿ ಯಾಕೆ ಅಸ್ತ್ರ ಕೊಡುತ್ತೀ? ಹೊಗೆಯ ಮಾತಷ್ಟೇ ಇರಲಿ. ಅದೇನು ಸುಳ್ಳಾ?”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರದೆಂದು ತಿಳಿಯಿತು. ಕೇಶವಮೂರ್ತಿ ಕನ್ನಡಕದ ಮೇಲಿಂದ ನನ್ನತ್ತ ನೋಡಿದರು, ಒಂದೇ ಬೆಂಚಿನವನನ್ನು ನೋಡುವ ಹಾಗೆ.

“ಪ್ರೆಸ್ಸಿನವನು ಕಾಯ್ತಿದಾನಮ್ಮಾ,” ಎಂದರು ಅವರು.

“ಕಥೆ ಮುಗಿಯಬೇಕು,” ಎಂದೆ ನಾನು.

ವಿಜೇತಾ ಮೌಸನ್ನು ನಮ್ಮಿಬ್ಬರಿಗೂ ಎಟುಕದಂತೆ ತನ್ನ ಕಡೆಗೆ ಎಳೆದುಕೊಂಡಳು.

“ಮೂರೂ ಇರ್ತವೆ ಸರ್. ಬೇಡ ಅಂದ್ರೆ ಪುಟವೇ ಬೇಡ, ನನ್ನ ಹೆಸರೂ ಬೇಡ.” ನನ್ನ ಕಡೆ ತಿರುಗಿದಳು. “ನಿಮಗೂ ಅದೇ ಹೇಳಿದ್ದು. ಮೊದಲನೆಯದನ್ನೂ ತೆಗೆಯುದಿಲ್ಲ.”