ಕೊರಳಲ್ಲಿ ತೂಗುವ ಕತ್ತರಿ

“ಇನ್ನೊಂದು ಸಲ. ಮೊದಲಿಂದ ಹೇಳು,” ಎಂದಳು ಅಮ್ಮ.

ಗುಂಡನಿಗೆ ಆರು ವರ್ಷ. ಐದು ಸಾಲಿನ ಪ್ರಾರ್ಥನೆಯಲ್ಲಿ ಮೂರನೆಯ ಸಾಲು ಇವತ್ತೂ ಅವನ ನಾಲಿಗೆಗೆ ಸಿಕ್ಕಿರಲಿಲ್ಲ. ದೀಪದ ಮುಂದೆ ಕೈ ಮುಗಿದುಕೊಂಡೇ ಕಾಲ್ಬೆರಳಿನಿಂದ ಚಾಪೆಯ ಕಡ್ಡಿ ಕೀಳುತ್ತಿದ್ದ. ಪಕ್ಕದಲ್ಲಿ ಅವನ ಅಕ್ಕ, ಹತ್ತು ವರ್ಷದವಳು. ಇಬ್ಬರ ಹಿಂದೆ ಕೂತಿದ್ದ ಅಮ್ಮನಿಗೆ ಮಗಳ ಮುಖ ಕಾಣುತ್ತಿರಲಿಲ್ಲ, ಬೆನ್ನಷ್ಟೇ. ಬಾರದ ಬಸ್ಸಿಗೆ ಕಾಯುವವರ ಬೆನ್ನು ಅದು.

“ನೆಟ್ಟಗೆ ಕೂತ್ಕೋ!”

ಅಮ್ಮನ ಕೆಲಸ ಬಟ್ಟೆ ಕಾರ್ಖಾನೆಯಲ್ಲಿ, ಹೊಲಿದು ಬಂದ ಅಂಗಿಗಳ ತಪಾಸಣೆ. ಕಾಲರು, ಜೇಬು, ಗುಂಡಿ, ಅಂಚು. ತಪ್ಪಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ಸು ತಳ್ಳಬೇಕು. ದಾರ ಇಣುಕಿದರೆ ಕೊರಳಿನ ಲಾಡಿಯಲ್ಲಿ ತೂಗುವ ಪುಟ್ಟ ಕತ್ತರಿಯಿಂದ ತುಂಡರಿಸಬೇಕು. ಎಂಟು ಗಂಟೆ ನಿಂತೇ ಇದ್ದು, ಸಂಜೆ ಮನೆಗೆ ಬಂದವಳು ಮುಖ ತೊಳೆದು ದೀಪ ಹಚ್ಚುತ್ತಿದ್ದಳು. ಕೊರಳ ಕತ್ತರಿ ತೆಗೆದಿಡುವುದು ಎಷ್ಟೋ ದಿನ ಮಲಗುವಾಗಲೇ ನೆನಪಾಗುತ್ತಿತ್ತು.

ಈ ಐದು ಸಾಲು ಅವಳಿಗೆ ಬಂದದ್ದು ಅವಳ ಅಮ್ಮನಿಂದ. ಮೂರು ವರ್ಷದ ಹಿಂದೆ ಗಂಡ ಗೋದಾಮಿನ ಏಣಿಯಿಂದ ಬಿದ್ದು ಹನ್ನೊಂದು ದಿನ ಕಣ್ಣು ಬಿಡದೆ ಮಲಗಿದ್ದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ಹಿಡಿದು ಕೂರಿಸಿದ್ದು ಆ ಸಾಲುಗಳೇ. ನಾಳೆ ಈ ಮಕ್ಕಳಿಗೂ ಅಂಥದ್ದೊಂದು ಬೆಂಚು ಬಂದರೆ ಬಾಯಿಗೆ ಬರಲು ಏನಾದರೂ ಇರಬೇಡವೇ? ಅವಳ ಆಸೆ ಇಷ್ಟೇ. ಹೇಳಲು ಹೋದರೆ ಮಾತ್ರ ಅದು ಬೈಗುಳವಾಗಿ ಹೊರಬರುತ್ತಿತ್ತು.

“ಹುಡುಗ ಹಸಿದಿದ್ದಾನೆ ಕಣೇ,” ಎಂದ ಗಂಡ, ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ. “ದೇವರಿಗೂ ಬೇರೆ ಮನೆಗೆ ಹೋಗೋದಿರುತ್ತೆ. ಬಿಟ್ಟುಬಿಡು.”

“ನೀವು ಸುಮ್ನಿರಿ. ನಿಮ್ಮ ಸಲಿಗೇಲೇ ಇವು ತಲೆ ಮೇಲೆ ಹತ್ತಿರೋದು.”

“ಅಮ್ಮಾ,” ಎಂದ ಗುಂಡ, “ಮೂರನೇ ಸಾಲು ಬಿಟ್ರೆ ದೇವರಿಗೆ ಗೊತ್ತಾಗುತ್ತಾ?”

ಅಕ್ಕ ಕಿಸಕ್ಕನೆ ನಕ್ಕಳು.

“ನಗು ಬರುತ್ತಾ ನಿನಗೆ? ಹಾಗಾದ್ರೆ ನೀನು ಹೇಳು.”

ಅವಳು ಐದೂ ಸಾಲುಗಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

“ಇದೇನು ಮಗ್ಗೀನಾ? ಮನಸ್ಸಿಟ್ಟು ಹೇಳು. ಮೊದಲಿಂದ.”

ಮಗಳು ಎದ್ದು ನಿಂತಳು. “ನಾಳೆಯಿಂದ ನಾನು ಕೂರಲ್ಲ.”

“ಏನಂದೆ?”

“ಹೇಗೆ ಹೇಳಿದ್ರೂ ನಿನಗೆ ಸರಿಹೋಗಲ್ಲ. ನೀನೇನು ಮನಸ್ಸಿಟ್ಟು ಕೂರ್ತೀಯಾ?”

“ಎಷ್ಟು ಕೊಬ್ಬೇ ನಿನಗೆ!” ಅಮ್ಮನ ಎಡಗೈ ಮೇಲೆದ್ದಿತ್ತು.

“ದಿನಾ ನಾವು ಕಣ್ಣು ಮುಚ್ಚಿದ್ರೆ ಸಾಕು, ಹಿಂದಿನಿಂದ ಕಿಚ್ ಕಿಚ್ ಅಂತ ಸದ್ದು. ನಮ್ಮ ಬಟ್ಟೆ ದಾರ ಕತ್ತರಿಸ್ತಾ ಇರ್ತೀಯ. ಈಗಲೂ ಅಷ್ಟೇ. ಕೈ ನೋಡ್ಕೋ.”

ಅಮ್ಮ ನೋಡಿಕೊಂಡಳು. ಬಲಗೈಯಲ್ಲಿ ಕತ್ತರಿ ಇತ್ತು. ಮಂಡಿಯ ಪಕ್ಕ ಚಾಪೆಯ ಮೇಲೆ ನೀಲಿ ದಾರದ ಮೂರು ತುಣುಕು ಬಿದ್ದಿದ್ದವು, ಗುಂಡನ ಶಾಲೆಯ ಅಂಗಿಯದೇ ಬಣ್ಣ. ಕತ್ತರಿ ಹಿಡಿದದ್ದಾಗಲಿ, ಕತ್ತರಿಸಿದ್ದಾಗಲಿ ಅವಳಿಗೆ ನೆನಪಿರಲಿಲ್ಲ.

ಗಂಡನತ್ತ ತಿರುಗಿದಳು. “ನಿಮಗೂ ಗೊತ್ತಿತ್ತಾ?”

“ಸುಸ್ತಾಗಿ ಬಂದಿರ್ತೀಯ... ಏನಂತ ಹೇಳ್ಲಿ,” ಎಂದವನು ಒಲೆ ನೋಡುವ ನೆಪದಲ್ಲಿ ಒಳಗೆ ಸರಿದ.

ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. “ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? ಮೊದಲೇ ಹೇಳೋಕೇನಾಗಿತ್ತು?” ಎಂದು ಮಗಳ ಮೇಲೆ ಹರಿಹಾಯ್ದಳು.

“ಹೇಳಿದ್ರೆ ಮತ್ತೆ ಮೊದಲಿಂದ ಅಂತಿದ್ದೆ.”

“ನನಗೆ ಆ ಸದ್ದು ಇಷ್ಟ,” ಎಂದ ಗುಂಡ.

“ನಿನ್ನ ಕೇಳಿದ್ರಾ ಯಾರಾದ್ರೂ?” ಎಂದು ಸಿಡುಕಿದಳು ಅಮ್ಮ.

ಲಾಡಿಯನ್ನು ತಲೆಯ ಮೇಲಿಂದ ಕಿತ್ತೆಳೆದಳು. ಅದು ಜಡೆಗೆ ಸಿಕ್ಕಿಕೊಂಡಿತು. ಇನ್ನೂ ಜೋರಾಗಿ ಎಳೆದಾಗ ನಾಲ್ಕು ಕೂದಲೂ ಕಿತ್ತು ಬಂದವು. ಎದ್ದು, ಕತ್ತರಿಯನ್ನು ಎದುರಿನ ಕಪಾಟಿನ ಮೇಲೆ ಇಟ್ಟ ರಭಸಕ್ಕೆ ಪಕ್ಕದ ಲೋಟ ಉರುಳಿತು. ಯಾರೂ ಎತ್ತಿಡಲಿಲ್ಲ.

ಮತ್ತೆ ಗುಂಡನ ಹಿಂದೆ ಕೂತು, “ಕೂರು ಬಾ,” ಎಂದಳು ಮಗಳಿಗೆ. ದನಿ ಇಳಿದಿತ್ತು. “ಮೊದಲಿಂದ ಬೇಡ.”

ಮಗಳು ಬರಲಿಲ್ಲ. ಹೊರಬಾಗಿಲ ಹೊಸ್ತಿಲ ಮೇಲೆ, ಬೀದಿಗೆ ಮುಖ ಮಾಡಿ ಕೂತಳು. ಎದ್ದು ಹೊರಗೇನೂ ಹೋಗಲಿಲ್ಲ.

ಗುಂಡ ತಾನೇ ಶುರು ಮಾಡಿದ. ಒಂದನೆಯ ಸಾಲು. ಎರಡನೆಯದು. ಆಮೇಲೆ ನಿಂತುಬಿಟ್ಟ. ಅಮ್ಮ ತುಟಿ ಕಚ್ಚಿ ಹಿಡಿದಳು. ಹಿಂದಿನಿಂದ ಕಿಚ್ ಕಿಚ್ ಇಲ್ಲ; ಒಳಗೆ ಒಲೆಯ ಮೇಲಿನ ನೀರು ಕುದಿಯುವುದೊಂದೇ ಕೇಳುತ್ತಿತ್ತು.

“ಅಮ್ಮಾ,” ಎಂದ ಅವನು, ಕಣ್ಣು ಮುಚ್ಚಿಕೊಂಡೇ. “ಇದ್ದೀಯಾ?”

“ಇದ್ದೀನಿ ಕಣೋ. ಹೇಳು.”

ಅವಳ ಬರಿಗೈ ಅವನ ಕಾಲರಿನ ಮೇಲೆ ಹೋಗಿ ಕೂತಿತು. ಅಲ್ಲೊಂದು ದಾರ ಬೆರಳಿಗೆ ಸಿಕ್ಕಿತು, ಎಳೆದರೆ ಬಂದುಬಿಡುವಂಥದ್ದು. ಹೊಸ್ತಿಲ ಮೇಲಿನ ಬೆನ್ನನ್ನೇ ನೋಡುತ್ತಾ, ಅವಳು ಆ ದಾರವನ್ನು ಎಳೆಯದೆ, ಬಿಡದೆ, ಮೂರನೆಯ ಸಾಲಿಗೆ ಕಾಯುತ್ತಾ ಕೂತಳು.